ಏಳು ಮನೆಯ ಗುಳಿಗೆ ಡಬ್ಬಿ: ಎಂಟು ತಿಂಗಳು ಬಳಸಿ ನೋಡಿದ್ದು

ಶಿರಸಿಯ ಒಂದು ಮೆಡಿಕಲ್ ಶಾಪಿನಲ್ಲಿ 160 ರೂಪಾಯಿಗೆ ತಂದ ಪ್ಲಾಸ್ಟಿಕ್ ಡಬ್ಬಿ. ವಾರದ ಏಳು ದಿನಕ್ಕೆ ಏಳು ಮನೆ. ತಂದಿದ್ದು ತಮ್ಮನಿಗೆ. ಅವನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ, ಅದಕ್ಕೆ ರಾತ್ರಿ ಓಲಾಂಜಪೈನ್ ಗುಳಿಗೆ ತಗೊಳ್ಳಬೇಕು.

ಮೊದಲು ಅವನಿಗೆ ಗೊತ್ತಾಗದ ಹಾಗೆ ನಾನು ಸ್ಟ್ರಿಪ್ ಎಣಿಸುತ್ತಿದ್ದೆ. ಲೆಕ್ಕ ಸರಿಯಾಗೇ ಬರುತ್ತಿತ್ತು. ಒಂದು ದಿನ ಅಟ್ಟದ ಕಿಟಕಿಯ ಸಂದಿಯಲ್ಲಿ ಒಂಬತ್ತು ಗುಳಿಗೆ ಸಿಕ್ಕವು. ಅಂಚು ಹಳದಿಯಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಯಾಕೋ ಅಂದರೆ, ತಗೊಂಡರೆ ಬೆಳಿಗ್ಗೆ ಏಳೋಕೇ ಆಗಲ್ಲ ಅಂದ. ಅಷ್ಟು ದಿನ ನಾವ್ಯಾರೂ ಕೇಳಿಯೇ ಇರಲಿಲ್ಲ. ಡಾಕ್ಟರಿಗೆ ಹೇಳಿದೆವು, ಡೋಸೂ ಹೊತ್ತೂ ಬದಲಾಯಿಸಿದರು. ಈ ಡಬ್ಬಿ ಬಂದದ್ದು ಆಮೇಲೆ.

ಹಾಗಾಗಿ ಮೊದಲೇ ಹೇಳುತ್ತೇನೆ: ಮನೆ ಖಾಲಿಯಾದರೆ ಗುಳಿಗೆ ಡಬ್ಬಿ ಬಿಟ್ಟಿತು ಅಂತ ಮಾತ್ರ ಗೊತ್ತಾಗುತ್ತದೆ, ಹೊಟ್ಟೆಗೆ ಹೋಯಿತೋ ಇಲ್ಲವೋ ಗೊತ್ತಾಗಲ್ಲ. ಮುಚ್ಚಳ ತೆರೆದ ಹೊತ್ತನ್ನು ದಾಖಲಿಸುವ ಎಲೆಕ್ಟ್ರಾನಿಕ್ ಬಾಟಲಿಗಳ ಕಥೆಯೂ ಇದೇ. ಅಮೆರಿಕದಲ್ಲಿ 2017ರಲ್ಲಿ ಸೆನ್ಸರ್ ಇರುವ ಗುಳಿಗೆಗೇ ಒಪ್ಪಿಗೆ ಸಿಕ್ಕಿತು. ನುಂಗಿದರೆ ಮೈಗೆ ಅಂಟಿಸಿದ ಪಟ್ಟಿಗೆ ಸಂಕೇತ ಹೋಗುತ್ತದೆ. ನನಗಂತೂ ಅದು ಬೇಡ. ಯಾರೋ ತನ್ನನ್ನು ನೋಡುತ್ತಲೇ ಇದ್ದಾರೆ ಅಂತ ಹೆದರಿ ತಿಂಗಳುಗಟ್ಟಲೆ ನಿದ್ದೆ ಬಿಟ್ಟ ಹುಡುಗ ಅವನು.

ಈಗ ಭಾನುವಾರ ಡಬ್ಬಿ ತುಂಬುವವನು ತಮ್ಮನೇ. "ಅಕ್ಕಾ, ಗುರುವಾರದ್ದು ಹಂಗೇ ಇದ್ದು" ಅಂತ ತಾನೇ ಹೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾನೆ. ಹೋದ ಸಲ 28 ದಿನದಲ್ಲಿ 24 ದಿನ ತಗೊಂಡಿದ್ದ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 80 ದಾಟಿದರೆ ಸರಿಯಾಗಿ ತಗೊಂಡ ಲೆಕ್ಕ. ಆದರೆ ಡಾಕ್ಟರ್ ಕೇಳಿದ್ದು, ತಪ್ಪಿದ ನಾಲ್ಕು ದಿನ ಬಿಡಿಬಿಡಿಯಾ, ಒಟ್ಟಿಗಾ ಅಂತ. ಒಟ್ಟಿಗೇ ತಪ್ಪಿತ್ತು. ನೆಂಟರ ಮದುವೆಗೆ ಹೋದಾಗ ಡಬ್ಬಿ ಮನೆಯಲ್ಲೇ ಉಳಿದಿತ್ತು. ಬರೀ ಸ್ಟ್ರಿಪ್ ಎಣಿಸಿದ್ದರೆ ಇದು ತಿಳಿಯುತ್ತಿರಲಿಲ್ಲ, ಅಲ್ವಾ?

ಕೊರತೆ ಇಲ್ಲದೇ ಇಲ್ಲ. ಮುಚ್ಚಳದ ಮೇಲೆ ಇಂಗ್ಲಿಷಿನ ಒಂದೊಂದೇ ಅಕ್ಷರ, ಮಂಗಳವಾರಕ್ಕೂ ಗುರುವಾರಕ್ಕೂ ಅದೇ ಟಿ. ಟೇಪ್ ಅಂಟಿಸಿ ಕನ್ನಡದಲ್ಲಿ ಮಂ, ಗು ಅಂತ ಬರೆದೆವು. ಮಳೆಗಾಲದಲ್ಲಿ ಬಿಡಿಸಿಟ್ಟ ಗುಳಿಗೆ ತೇವ ಎಳೆಯುತ್ತದೆ, ಸ್ಟ್ರಿಪ್ ಸಮೇತ ಕತ್ತರಿಸಿ ಇಡಬೇಕು. ಹಾಗಿಟ್ಟರೆ ಮುಚ್ಚಳ ಸರಿಯಾಗಿ ಕೂರಲ್ಲ. ದೊಡ್ಡ ಮನೆಯದ್ದೇ ತಗೊಳ್ಳಿ. ನಾವೂ ಒಂದು ತರುವವರಿದ್ದೇವೆ. ಬಣ್ಣ ತಮ್ಮನೇ ಆರಿಸುತ್ತಾನಂತೆ.