ಶಾಲೆಯಲ್ಲೇ ಮೂಳೆ–ಕೀಲು ತಪಾಸಣೆ: ಕೊಪ್ಪಳದ ಒಂದು ಸೇವೆಯ ವಿಮರ್ಶೆ

ಕೊಪ್ಪಳದ ಖಾಸಗಿ ಫಿಸಿಯೋಥೆರಪಿ ಕೇಂದ್ರವೊಂದು ಮಗುವಿಗೆ 150 ರೂಪಾಯಿಯಂತೆ ಪಡೆದು, ಶಾಲೆಗೇ ಬಂದು ಮಕ್ಕಳ ಮೂಳೆ, ಕೀಲು ಮತ್ತು ಸ್ನಾಯುಗಳನ್ನು ತಪಾಸಣೆ ಮಾಡಿಕೊಡುತ್ತದೆ. ನಮ್ಮ ಶಾಲೆಯ ಆರರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಈ ವರ್ಷ ಅದನ್ನು ಮಾಡಿಸಿದೆವು. ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಜೊತೆಯಲ್ಲಿದ್ದು ನೋಡಿದ್ದರಿಂದ ಹೇಳುತ್ತೇನೆ: ಪರೀಕ್ಷಿಸುವುದರಲ್ಲಿ ಅವರು ಪಳಗಿದವರು, ಆದರೆ ಪರೀಕ್ಷೆಯ ನಂತರದ ಕೆಲಸ ಅರ್ಧಕ್ಕೇ ನಿಂತಿದೆ.

ಹೆಣ್ಣುಮಕ್ಕಳನ್ನು ಪ್ರತ್ಯೇಕ ಕೊಠಡಿಯಲ್ಲಿ ಮಹಿಳಾ ತಜ್ಞೆಯೇ ನೋಡಿದರು. ಪಾದ ಜೋಡಿಸಿ, ಮಂಡಿ ಮಡಿಸದೆ, ಅಂಗೈ ಕೂಡಿಸಿ ಮುಂದಕ್ಕೆ ಬಾಗಲು ಹೇಳಿ, ಜಡೆಯನ್ನು ಮುಂದಕ್ಕೆ ಸರಿಸಿ, ತಾವು ಹಿಂದೆ ಕುಳಿತು ಬೆನ್ನಿನ ಮಟ್ಟಕ್ಕೆ ಕಣ್ಣು ತಂದು ಒಂದು ಬದಿಯ ಪಕ್ಕೆಲುಬು ಉಬ್ಬಿದೆಯೇ ಎಂದು ಪರಿಶೀಲಿಸಿದರು. ಒಬ್ಬ ಹುಡುಗಿಯ ಬಲಬದಿ ಎದ್ದು ಕಂಡಾಗ, ಬಾಗಿದ ಬೆನ್ನಿನ ಮೇಲಿಟ್ಟು ಅದರ ಓರೆ ಅಳೆಯುವ ಸ್ಕೋಲಿಯೋಮೀಟರ್ ಇಟ್ಟು ನೋಡಿದರು. 8 ಡಿಗ್ರಿ ತೋರಿಸಿತು. ಬೆನ್ನುಮೂಳೆ ನಿಜಕ್ಕೂ ಪಕ್ಕಕ್ಕೆ ಬಾಗಿದೆಯೇ ಎಂಬುದನ್ನು ಎಕ್ಸ್‌ರೇ ಮಾತ್ರ ನಿರ್ಧರಿಸಬಲ್ಲದು, ಅಲ್ಲಿ ಅಳೆದ ಕೋನ 10 ಡಿಗ್ರಿ ಅಥವಾ ಹೆಚ್ಚಿದ್ದರೆ ಮಾತ್ರ ಅದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ ಎಂದು ತಾಯಿಗೆ ಸಮಾಧಾನದಿಂದ ತಿಳಿಸಿದರು. ಭಾರದ ಬ್ಯಾಗಿನಿಂದ ಹೀಗಾಯಿತೇ ಎಂಬ ಅವರ ಆತಂಕಕ್ಕೆ, ಬ್ಯಾಗಿನಿಂದ ಬೆನ್ನು ನೋಯಬಹುದೇ ಹೊರತು ಇಂತಹ ಬಾಗು ಬರುವುದಿಲ್ಲ ಎಂದು ಸರಿಯಾಗಿಯೇ ಉತ್ತರಿಸಿದರು.

ಕಬಡ್ಡಿ ತಂಡದ ಹುಡುಗನೊಬ್ಬನ ಮಂಡಿಚಿಪ್ಪಿನ ಕೆಳಗೆ ನೋಯುವ ಗಂಟು ಇತ್ತು. ಎತ್ತರ ಬೇಗ ಬೆಳೆಯುವ ವಯಸ್ಸಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಮೊಣಕಾಲಿನ ಕೆಳಗಿನ ಮೂಳೆಯನ್ನು ಪದೇ ಪದೇ ಎಳೆಯುವುದರಿಂದ ಬರುವ ಆಸ್‌ಗುಡ್–ಶ್ಲಾಟರ್ ತೊಂದರೆ ಅದು. ಆಟವನ್ನು ಪೂರ್ತಿ ಬಿಡಿಸದೆ, ನೋವಿಗೆ ತಕ್ಕಂತೆ ಜಿಗಿತ, ಓಟ ಕಡಿಮೆ ಮಾಡಿದರೆ ಸಾಕು ಎಂದರು. ಮಕ್ಕಳ ಮಂಡಿನೋವಿಗೆ ಕೆಲವೊಮ್ಮೆ ಸೊಂಟದ ಕೀಲು ಕಾರಣವಾಗಿರುತ್ತದೆಂದು ಅದನ್ನೂ ತಿರುಗಿಸಿ ನೋಡಿದ್ದು ನನಗೆ ಮೆಚ್ಚುಗೆಯಾಯಿತು.

ಮೆಚ್ಚದ ಸಂಗತಿ ಚಪ್ಪಟೆ ಪಾದದ್ದು. ತುದಿಗಾಲಲ್ಲಿ ನಿಂತಾಗ ಕಮಾನು ಮೂಡುವ, ನೋವಿಲ್ಲದ ಪಾದಕ್ಕೆ ಸಾಮಾನ್ಯವಾಗಿ ಯಾವ ಚಿಕಿತ್ಸೆಯೂ ಬೇಕಿಲ್ಲ. ಹೀಗಿದ್ದರೂ ಅಂತಹ ಅನೇಕ ಮಕ್ಕಳ ಕೈಗೆ, ಅದೇ ಕೇಂದ್ರದಲ್ಲಿ ಮಾರುವ ಬೂಟಿನ ಒಳಅಟ್ಟೆಯ ಚೀಟಿ ಕೊಟ್ಟು ಕಳುಹಿಸಿದರು. ತಪಾಸಣೆ ಮತ್ತು ಮಾರಾಟ ಒಂದೇ ಮೇಜಿನ ಮೇಲೆ ನಡೆಯಬಾರದಿತ್ತು.

ಇನ್ನೊಂದು ಕೊರತೆ ಈ ನೆಲಕ್ಕೇ ಸಂಬಂಧಿಸಿದ್ದು. ನಮ್ಮ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ವರ್ಷಗಟ್ಟಲೆ ಹೆಚ್ಚು ಸೇವಿಸಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುವುದಲ್ಲದೆ ಮೂಳೆಯೂ ಕೆಡುತ್ತದೆ; ಸುಣ್ಣದಂಶದ ಕೊರತೆ ಜೊತೆಗೂಡಿದರೆ ಬೆಳೆಯುವ ಮಕ್ಕಳ ಕಾಲು ಬಾಗಬಹುದು. ಮಂಡಿ ಒಂದಕ್ಕೊಂದು ತಾಗುವ ಮಕ್ಕಳನ್ನು ಗುರುತಿಸಿದ ಇವರ ನಮೂನೆಯಲ್ಲಿ ಮನೆಯ ನೀರಿನ ಬಗ್ಗೆಯಾಗಲಿ ಹಲ್ಲಿನ ಬಗ್ಗೆಯಾಗಲಿ ಒಂದು ಪ್ರಶ್ನೆಯೂ ಇರಲಿಲ್ಲ. ಬೇರೆಡೆ ಮುದ್ರಿಸಿದ ನಮೂನೆಯನ್ನು ಹಾಗೆಯೇ ತಂದಂತಿತ್ತು.

ಗಾಯ ತಡೆಯುವ ತರಬೇತಿ ಎಂದು ಕರಪತ್ರದಲ್ಲಿದ್ದುದು, ನೇರ ಕುಳಿತುಕೊಳ್ಳುವ ಕುರಿತ ಒಂದು ಭಾಷಣವಷ್ಟೇ ಆಯಿತು. ಖೋ-ಖೋ, ಕಬಡ್ಡಿ ಆಡುವ ಮಕ್ಕಳ ಕಾಲು ಉಳುಕುವುದು ಗಟ್ಟಿ ನೆಲದ ಅಂಗಳದಲ್ಲಿ, ಬೆಂಚಿನ ಮೇಲಲ್ಲ. ಫುಟ್‌ಬಾಲ್ ಆಡುವ 7ರಿಂದ 13 ವರ್ಷದ ಮಕ್ಕಳಿಗಾಗಿ ರೂಪಿಸಿದ ಫಿಫಾ 11+ ಕಿಡ್ಸ್ ವಾರ್ಮ್-ಅಪ್‌ನಲ್ಲಿ ಒಂಟಿಕಾಲ ಸಮತೋಲನ, ಮಂಡಿ ಒಳಕ್ಕೆ ವಾಲದಂತೆ ಜಿಗಿದು ಇಳಿಯುವುದು, ಬೀಳುವ ಬಗೆ ಎಲ್ಲವೂ ಇವೆ. ಯುರೋಪಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಅದರಿಂದ ಗಾಯಗಳು ಸುಮಾರು ಅರ್ಧಕ್ಕಿಳಿದವು. ಅಂಥದ್ದನ್ನು ಅಂಗಳದಲ್ಲಿ ಒಮ್ಮೆ ಮಾಡಿ ತೋರಿಸಿದ್ದರೆ ಉಳಿದದ್ದನ್ನು ನಾವೇ ನಡೆಸಿಕೊಂಡು ಹೋಗುತ್ತಿದ್ದೆವು.

ವರದಿ ಬಂದದ್ದು ಇಂಗ್ಲಿಷಿನಲ್ಲಿ, ಎಲ್ಲಿಗೆ ತೋರಿಸಬೇಕೆಂಬ ಸೂಚನೆಯಿಲ್ಲದೆ. ಕೊನೆಗೆ ನಾನೇ ಪಾಲಕರನ್ನು ಕರೆಸಿ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕಳುಹಿಸಿದೆ.

ಕರೆಸುವ ಶಾಲೆಗಳು ಕನ್ನಡದ ವರದಿ, ಅಂಗಳದ ತರಬೇತಿ ಮತ್ತು ಮಾರಾಟವಿಲ್ಲದ ತಪಾಸಣೆ ಎಂಬ ಮೂರನ್ನೂ ಮೊದಲೇ ಬರೆಸಿಕೊಳ್ಳಲಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಾದರೆ, 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಉಚಿತವಾಗಿಯೇ ಬರುತ್ತದೆ. ಹಣ ಕೊಡುವ ಮುನ್ನ ಆ ತಂಡ ಬರುವ ದಿನವನ್ನು ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.