ಮಂಡ್ಯ ಪಕ್ಕದ ನಮ್ಮೂರಿನ ಯುವಕರ ಸಂಘ: ಮಕ್ಕಳನ್ನು ಸೇರಿಸಬಹುದಾ?

ಸೇರಿಸಬಹುದು. ಧೈರ್ಯವಾಗಿ ಸೇರಿಸಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಯಾಕೆ ಕಮ್ಮಿ ಅಂತ ಮುಂದೆ ಬರೆದಿದ್ದೇನೆ.

ನಮ್ಮ ಕಡೆ ಯುವಕರ ಸಂಘ ಅಂದರೆ ಜನಕ್ಕೆ ನೆನಪಾಗೋದು ಗಣೇಶನ ಪೆಂಡಾಲ್, ರಾಜ್ಯೋತ್ಸವದ ಆರ್ಕೆಸ್ಟ್ರಾ, ಹೊನಲು ಬೆಳಕಿನ ಕಬಡ್ಡಿ. ಚಂದಾ ಪುಸ್ತಕ ಕಂಡರೆ ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. ಅವರದ್ದು ತಪ್ಪು ಅನ್ನಲ್ಲ, ವರ್ಷಕ್ಕೊಂದು ಸಲ ಫ್ಲೆಕ್ಸ್ ಕಟ್ಟಿ ಆಮೇಲೆ ಪತ್ತೆಯೇ ಇಲ್ಲದ ಸಂಘಗಳು ಬೇಕಾದಷ್ಟಿವೆ. ಈ ಸಂಘ ಮಾತ್ರ ದಿನಾ ಸಂಜೆ ಬಾಗಿಲು ತೆಗೆಯುತ್ತದೆ. ಅದಕ್ಕಿಂತ ದೊಡ್ಡದು, ಇಲ್ಲಿ ಕೆಲಸವನ್ನು ಹುಡುಗರ ಕೈಗೇ ಕೊಡುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಅದೇ.

ತಿಂಗಳಿಗೊಂದು ಭಾನುವಾರ ಲೆಕ್ಕದ ಮೀಟಿಂಗ್ ಇರುತ್ತದೆ. ನಾನು ಹೋದಾಗ ನನ್ನ ಅಕ್ಕನ ಮಗ ಎದ್ದು ನಿಂತು ಲೆಕ್ಕ ಓದುತ್ತಿದ್ದ. ಪಿಯುಸಿ ಹುಡುಗ, ಮನೆಗೆ ನೆಂಟರು ಬಂದರೆ ರೂಮಿನಿಂದ ಆಚೆ ಬರುತ್ತಿರಲಿಲ್ಲ. ಅಂಕಣಕ್ಕೆ ಸುಣ್ಣದ ಪುಡಿ ಇಷ್ಟು, ವಾಲಿಬಾಲ್ ನೆಟ್ ಇಷ್ಟು, ಕರೆಂಟ್ ಬಿಲ್ ಇಷ್ಟು ಅಂತ ಒಂದೊಂದೇ ಹೇಳುತ್ತಾ ಹೋದ. ಹಿಂದೆ ಕೂತಿದ್ದ ಹಿರಿಯರೊಬ್ಬರು, "ಶಾಮಿಯಾನದ ಬಿಲ್ ಎಲ್ಲಪ್ಪಾ?" ಅಂತ ಜೋರಾಗಿ ಕೇಳಿದರು. ಇವನು ರಟ್ಟಿನ ಫೈಲ್ ಬಿಚ್ಚಿ ಒಂದು ಹಳದಿ ಚೀಟಿ ತೆಗೆದು, "ಅಡ್ವಾನ್ಸ್ ಮಾತ್ರ ಕೊಟ್ಟಿದೀವಿ ದೊಡ್ಡಪ್ಪ, ಬಾಕಿ ಇನ್ನೂ ಇದೆ" ಅಂತ ಅವರ ಕೈಗೇ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ತಲೆ ಆಡಿಸಿ ವಾಪಸ್ ಕೊಟ್ಟರು. ಆರು ತಿಂಗಳಿಗೊಮ್ಮೆ ಈ ಜವಾಬ್ದಾರಿ ಬೇರೆಯವರಿಗೆ ಹೋಗುತ್ತದೆ. ನೂರು ಜನರ ಮುಂದೆ ಬೇರೆಯವರ ದುಡ್ಡಿಗೆ ಲೆಕ್ಕ ಕೊಡೋದನ್ನ ಆ ವಯಸ್ಸಿನ ಮಕ್ಕಳಿಗೆ ಇನ್ನೆಲ್ಲಿ ಕಲಿಸ್ತಾರೆ ಹೇಳಿ?

ಬೆಳಗ್ಗೆ ಪೊಲೀಸ್ ಕೆಲಸಕ್ಕೆ ತಯಾರಾಗುವವರ ಓಟ. ಕಾನ್ಸ್‌ಟೇಬಲ್ ಆಗಬೇಕಾದರೆ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಮೈಸೂರಿಗೆ ಹೋಗಿ ಪಿಜಿಯಲ್ಲಿದ್ದು ಕೋಚಿಂಗ್ ತಗೊಳ್ಳೋಕೆ ಎಲ್ಲರ ಮನೆಯಲ್ಲೂ ಆಗಲ್ಲ. ಇಲ್ಲಿ ಸಂಘದಿಂದಲೇ ಕೆಲಸಕ್ಕೆ ಸೇರಿದ ಹುಡುಗನೊಬ್ಬ ರಜಕ್ಕೆ ಬಂದಾಗಲೆಲ್ಲ ಮೊಬೈಲಿನಲ್ಲಿ ಟೈಮ್ ಇಟ್ಟುಕೊಂಡು ಪಕ್ಕದಲ್ಲೇ ಓಡಿಸುತ್ತಾನೆ. ಒಂದು ಪೈಸೆ ಇಲ್ಲ.

ಊರಿಗೆ ಏನು ಲಾಭ ಅಂತ ಕೇಳುವವರಿಗೆ ರಕ್ತದ ಪುಸ್ತಕ ತೋರಿಸಬೇಕು. ಯಾರದ್ದು ಯಾವ ಗ್ರೂಪ್, ಕೊನೆಗೆ ಯಾವಾಗ ಕೊಟ್ಟರು, ಎಲ್ಲ ಬರೆದಿಟ್ಟಿದ್ದಾರೆ. 18 ತುಂಬಿರಬೇಕು, ತೂಕ 45 ಕೆಜಿ ದಾಟಿರಬೇಕು, ಒಂದು ಸಲ ಕೊಟ್ಟ ಮೇಲೆ ಗಂಡಸರಾದರೆ 3 ತಿಂಗಳು, ಹೆಂಗಸರಾದರೆ 4 ತಿಂಗಳು ಬಿಡಬೇಕು. ಹಾಗಾಗಿ ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಯಿಂದ ಯಾರಾದರೂ ರಾತ್ರಿ ಗಾಬರಿಯಲ್ಲಿ ಫೋನ್ ಮಾಡಿದರೆ ಪುಸ್ತಕ ನೋಡಿ, ಕೊಡಬಹುದಾದವರನ್ನೇ ಬೈಕ್ ಹತ್ತಿಸುತ್ತಾರೆ.

ಇನ್ನೊಂದು ಈಜು. ವಿಶ್ವೇಶ್ವರಯ್ಯ ನಾಲೆ, ಅಂದರೆ ವಿ.ಸಿ. ನಾಲೆ ಪಕ್ಕ ಇರುವವರಿಗೆ ಇದರ ಬೆಲೆ ಗೊತ್ತು. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಸ್ಕೂಲಿನಿಂದ ಮನೆಗೆ ಬರುತ್ತಿದ್ದ ಮಕ್ಕಳೂ ಇದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಸುತ್ತದೆ. ಸಂಘದವರು ಬೇಸಿಗೆ ರಜದಲ್ಲಿ ಮಕ್ಕಳ ಸೊಂಟಕ್ಕೆ ಟ್ಯೂಬ್ ಕಟ್ಟಿ ಕೆರೆಯಲ್ಲಿ ಈಜು ಕಲಿಸುತ್ತಾರೆ. ದಡದಲ್ಲಿ ಹಗ್ಗ ಹಿಡಿದು ಇಬ್ಬರು ದೊಡ್ಡವರು ನಿಂತಿರಲೇಬೇಕು, ಇಲ್ಲ ಅಂದರೆ ಅವತ್ತು ನೀರಿಗೆ ಇಳಿಸಲ್ಲ. ನಾಲೆ ಏರಿಗೆ ತಡೆಗೋಡೆ ಬೇಕು ಅಂತ ಮನೆಮನೆಗೆ ಹೋಗಿ ಸಹಿ ಹಾಕಿಸಿದವರೂ ಇವರೇ.

ಈಗ ಆ ಒಂದು ಸ್ಟಾರ್. ಬೆಳಗ್ಗೆ ಹೆಣ್ಣುಮಕ್ಕಳು ಓಡೋಕೆ ಬರುತ್ತಾರೆ, ಸರಿ. ಸಂಜೆ ಸಂಘದ ರೂಮು ಪೂರ್ತಿ ಕೇರಂ ಆಡುವ ಹುಡುಗರದ್ದು. ಪೇಪರ್, ಪರೀಕ್ಷೆ ಪುಸ್ತಕ ಎಲ್ಲ ಅಲ್ಲೇ ಇರೋದು, ಹುಡುಗಿಯರು ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಾರೆ. ಟಾಯ್ಲೆಟ್ ಇಲ್ಲ. ಪದಾಧಿಕಾರಿಗಳಲ್ಲಿ ಒಬ್ಬ ಹುಡುಗಿಯೂ ಇಲ್ಲ. ಇಷ್ಟು ಒಳ್ಳೆ ಕೆಲಸ ಮಾಡುವವರು ಇದನ್ನು ಸರಿ ಮಾಡಲೇಬೇಕು. ಮುಂದಿನ ಸಲ ಲೆಕ್ಕದ ಫೈಲ್ ಒಬ್ಬ ಹುಡುಗಿ ಕೈಗೆ ಕೊಡಿ, ಅಲ್ಲಿಂದ ಶುರುವಾಗಲಿ ಅಂತ ಮೀಟಿಂಗಿನಲ್ಲೇ ಹೇಳಿ ಬಂದಿದ್ದೇನೆ.

ಸೇರೋದು ಸುಲಭ. ಸಂಜೆ ಹೋಗಿ ಫೋಟೋ ಕೊಟ್ಟು ಫಾರಂ ತುಂಬಿದರೆ ಆಯ್ತು, 18 ಆಗದವರಿಗೆ ಅಪ್ಪ ಅಥವಾ ಅಮ್ಮ ಸಹಿ ಹಾಕಬೇಕು. ಪಕ್ಕದ ಊರಿನವರು ನಮ್ಮಲ್ಲೂ ಬೇಕು ಅಂದುಕೊಂಡರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸೋಕೆ ಏಳು ಜನ ಇದ್ದರೆ ಸಾಕು. ಬೈಲಾ, ಅಂದರೆ ಸಂಘದ ನಿಯಮಗಳನ್ನು ಬರೆಯೋಕೆ ಗೊತ್ತಾಗದಿದ್ದರೆ ನಮ್ಮ ಸಂಘದ ಕಾಪಿ ಕೇಳಿ, ಕೊಡುತ್ತಾರೆ.