ನಾಲ್ಕು ಮಳೆಗಾಲ ಕಂಡ ಫಿಲ್ಟರ್: ಹಾಕಿಸಿದ್ದು ಬಾವಿಗೆ, ಒದಗಿದ್ದು ಚಹಾಕ್ಕೆ

ಉಡುಪಿ ಜಿಲ್ಲೆಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ ನಮ್ಮ ಮನೆ. ಹಂಚಿನ ಮಾಡು, ಅಂಗಳದಲ್ಲಿ ಮುರಕಲ್ಲಿನ ಬಾವಿ. ಏಪ್ರಿಲ್ ಬಂತೆಂದರೆ ನೀರು ಸವಳು. ಅನ್ನ ಹೇಗೋ ನಡೆಯುತ್ತದೆ, ಚಹಾ ಮಾತ್ರ ಬಾಯಿಗಿಡಲು ಆಗುವುದಿಲ್ಲ.

"ಮಾಡಿನ ಮಳೆನೀರು ಸೋಸಿ ಬಾವಿಗೆ ಬಿಡಿ, ಬೇಸಿಗೆಯ ಚಿಂತೆಯೂ ಬಿಡಿ" ಅಂದ ಅಂಗಡಿಯವನು. ನಂಬಿದೆ. ಗೋಡೆಗೆ ಕೂರಿಸುವ ಫಿಲ್ಟರ್ ಒಂದು, 2,000 ಲೀಟರಿನ ಕಪ್ಪು ಟ್ಯಾಂಕ್ ಒಂದು. ಟ್ಯಾಂಕ್ ತುಂಬಿ ಹೆಚ್ಚಾದದ್ದು ಬಾವಿಗೆ.

ಮೊದಲ ಮೃಗಶಿರಾ ಮಳೆಯ ರಾತ್ರಿ ಟಾರ್ಚ್ ಹಿಡಿದು ಬಾವಿಕಟ್ಟೆಯಲ್ಲೇ ನಿಂತಿದ್ದೆ. 100 ಚದರ ಮೀಟರ್ ಮಾಡಿಗೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್ ಲೆಕ್ಕ. ಟ್ಯಾಂಕ್ ತುಂಬಲು ಒಂದು ಜಡಿಮಳೆ ಸಾಕಾಯಿತು. ಪೈಪಿನಿಂದ ಬಾವಿಗೆ ಧೋ ಅಂತ ನೀರು ಬೀಳುವುದು ನೋಡಿ ದುಡ್ಡು ವಸೂಲಾಯಿತು ಅಂದುಕೊಂಡೆ.

ಜುಲೈಯಲ್ಲಿ ಬಾವಿ ಕೈಗೆಟುಕುವಷ್ಟು ತುಂಬಿತು. ಆಮೇಲೆ ಹೊಳೆಯಿತು, ಪ್ರತಿ ಜುಲೈಯಲ್ಲೂ ಅದು ಅಷ್ಟೇ ತುಂಬುತ್ತದಲ್ವಾ! ಮುರಕಲ್ಲು ಜರಡಿ ಇದ್ದ ಹಾಗೆ. ಸುರಿದದ್ದೆಲ್ಲ ನಿಧಾನ ಹೊಳೆಗೆ ಇಳಿದುಹೋಗುತ್ತದೆ. ಏಪ್ರಿಲಿಗೆ ಮತ್ತದೇ ಸವಳು. ಬೆಂಗಳೂರಿನಲ್ಲಿ 2009ರಲ್ಲಿ ದೊಡ್ಡ ಸೈಟಿನವರಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗ ತಮ್ಮನೂ ಹಾಕಿಸಿದ್ದ, ಅವನಿಗೆ ಖುಷಿಯೇ. ಅಲ್ಲಿಯ ಮಳೆ ಬೇರೆ, ನೆಲ ಬೇರೆ.

ಇನ್ನು ಆ ಫಿಲ್ಟರಿನ ಜಾಳಿಗೆ. ಹಲಸಿನ ಎಲೆ, ಹಂಚಿನ ಪಾಚಿ ಎಲ್ಲ ಅದರಲ್ಲೇ. ಮೂರು ದಿನ ಬಿಟ್ಟರೆ ಕಟ್ಟಿಕೊಂಡು ನೀರೆಲ್ಲ ಹೊರಗೆ ಚೆಲ್ಲುತ್ತದೆ. ಕೂರಿಸಿದವನು ನನ್ನ ತಲೆಗಿಂತ ಎತ್ತರಕ್ಕೆ ಕೂರಿಸಿದ್ದಾನೆ. ಮುಚ್ಚಳ ತಿರುಗಿಸಿದ ಕೂಡಲೇ ತಣ್ಣನೆಯ ನೀರು ಮುಂಗೈಯಿಂದ ಮೊಣಕೈಗೆ, ಅಲ್ಲಿಂದ ಸೀದಾ ಕಂಕುಳಿಗೆ. ಮಳೆಗಾಲವಿಡೀ ಬೆಳಿಗ್ಗೆ ಇದೇ ನನ್ನ ಸ್ನಾನ. ಜಾಳಿಗೆಯನ್ನು ಒಗೆಯುವ ಕಲ್ಲಿಗೆ ಎರಡು ಸಲ ಬಡಿದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತೇನೆ. ಈಗ ಸ್ಟೂಲ್ ಒಂದು ಅಲ್ಲೇ ಇಟ್ಟಿದ್ದೇನೆ.

ಎರಡನೇ ವರ್ಷ ಸಿಟ್ಟಿನಲ್ಲಿ ಬಾವಿಯ ಆಸೆ ಬಿಟ್ಟೆ. ಅಕ್ಟೋಬರಿನಲ್ಲಿ ಟ್ಯಾಂಕ್ ಖಾಲಿ ಮಾಡಿ ತೊಳೆದೆ. ದೀಪಾವಳಿ ಹೊತ್ತಿನ ಗುಡುಗು ಮಳೆಗೆ ತುಂಬಿಸಿ ವಾಲ್ವ್ ಮುಚ್ಚಿದೆ. ಸೊಳ್ಳೆ ಹೋಗದಂತೆ ಹೊರಪೈಪಿನ ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿದೆ. ಮನೆಯಲ್ಲಿ ನಾವಿಬ್ಬರೇ. ನವೆಂಬರ್ ನಡುವಿನಿಂದ ಕುಡಿಯಲು, ಅಡುಗೆಗೆ ದಿನಕ್ಕೆ ಒಂದು ಕೊಡಪಾನ, ಸುಮಾರು 10 ಲೀಟರ್. ಅಂದರೆ 200 ದಿನ, ಮೇ ಕೊನೆವರೆಗೆ. ಉಳಿದದ್ದಕ್ಕೆಲ್ಲ ಬಾವಿ ಇದೆ.

ಬೆಳಕು ಬೀಳದ ಕಾರಣ ನೀರಿಗೆ ಪಾಚಿ ಹಿಡಿಯಲಿಲ್ಲ, ವಾಸನೆಯೂ ಇಲ್ಲ. ಕುಡಿಯುವುದನ್ನು ಕುದಿಸಿಯೇ ಕುಡಿಯುತ್ತೇವೆ. ಮೇ ತಿಂಗಳ ಸೆಖೆಯಲ್ಲಿ ಆ ನೀರಿನ ಚಹಾ ಮೊದಲ ಸಲ ಮಾಡಿದ ದಿನ ಹೆಂಡತಿ ಸುಮ್ನೆ ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಬೇರೆ ಸರ್ಟಿಫಿಕೇಟ್ ಬೇಡ.

ಬಾವಿ ತುಂಬಿಸಲೆಂದು ನಮ್ಮಂಥ ಕರಾವಳಿಯವರು ಫಿಲ್ಟರ್ ಕೊಳ್ಳಬೇಡಿ, ಆ ದುಡ್ಡನ್ನೂ ಟ್ಯಾಂಕಿಗೇ ಸುರಿಯಿರಿ. ಎರಡು ಪದರದ ಬಟ್ಟೆಯಲ್ಲೂ ನೀರು ಸೋಸಬಹುದು. ಕಳೆದ ವರ್ಷ ದೀಪಾವಳಿ ಮಳೆ ಕೈಕೊಟ್ಟು ಅರ್ಧ ಟ್ಯಾಂಕಷ್ಟೇ ಸಿಕ್ಕಿತು. ಬೇಸಿಗೆಗೆ ಮೊದಲೇ ಚಹಾಕ್ಕೆ ಮಾತ್ರ ಅಂತ ನಿಯಮ ಮಾಡಬೇಕಾಯಿತು. ಈ ಸಲ 5,000 ಲೀಟರಿನದ್ದು ನೋಡಿಟ್ಟಿದ್ದೇನೆ. ಇಡಲು ಜಾಗ ಇರುವುದು ಒಗೆಯುವ ಕಲ್ಲಿನ ಹತ್ತಿರ ಮಾತ್ರ, ಕಲ್ಲು ಕದಲಿಸಲು ಹೆಂಡತಿ ಇನ್ನೂ ಒಪ್ಪಿಲ್ಲ.